ಕನಕಪುರ ರಸ್ತೆಯ ತುದಿಯಲ್ಲಿರುವ ದೊಡ್ಡ ಮೀನು

ಕನಕಪುರ ರಸ್ತೆ ಅಂದರೆ ದಕ್ಷಿಣ ಬೆಂಗಳೂರಿನವರಿಗೆ ಬನಶಂಕರಿ ದೇವಸ್ಥಾನ, ಸಾರಕ್ಕಿ ಸಿಗ್ನಲ್, ಕೋಣನಕುಂಟೆ ಕ್ರಾಸ್, ಮೆಟ್ರೊ ಕಂಬಗಳು, ಅಲ್ಲಿಂದ ಮುಂದೆ ಸೈಟು-ಅಪಾರ್ಟ್‌ಮೆಂಟುಗಳ ಜಾಹೀರಾತು. ಅದೇ ರಸ್ತೆಯಲ್ಲಿ ಹಾರೋಹಳ್ಳಿ, ಕನಕಪುರ, ಸಾತನೂರು ದಾಟಿ ಹಲಗೂರಿನ ಕಡೆಯಿಂದ ಕಾಡಿಗಿಳಿದರೆ ಮುತ್ತತ್ತಿ, ಭೀಮೇಶ್ವರಿ. ಜಯನಗರದಿಂದ ಸುಮಾರು ನೂರು ಕಿಲೋಮೀಟರ್. ಮುತ್ತತ್ತಿಯ ಆಂಜನೇಯನನ್ನು ನೋಡಲು ಹೋಗುವವರು ಬಹಳ ಮಂದಿ. ರಾಜ್‌ಕುಮಾರ್ ಅವರಿಗೆ ಮುತ್ತುರಾಜ ಎಂದು ಹೆಸರಿಟ್ಟಿದ್ದು ಈ ದೇವರ ಮೇಲೆಯೇ. ಆದರೆ ಆ ದೇವಸ್ಥಾನದ ಪಕ್ಕದಲ್ಲೇ ಹರಿಯುವ ಕಾವೇರಿಯಲ್ಲಿ ಜಗತ್ತಿನ ಅತಿ ದೊಡ್ಡ ಸಿಹಿನೀರಿನ ಮೀನುಗಳ ಪೈಕಿ ಒಂದು ವಾಸವಿತ್ತು, ಅದಕ್ಕಾಗಿ ಇಂಗ್ಲೆಂಡಿನಿಂದ ಜನ ವಿಮಾನ ಹತ್ತಿ ಬರುತ್ತಿದ್ದರು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಇನ್ನೂ ಕಡಿಮೆ ಜನಕ್ಕೆ ಗೊತ್ತಿರುವ ಸಂಗತಿ, ಆ ಮೀನು ಈಗ ಅಳಿವಿನ ಅಂಚಿನಲ್ಲಿದೆ ಎಂಬುದು. ಅದನ್ನು ಆ ಅಂಚಿಗೆ ತಂದ ಕಾರಣಗಳಲ್ಲಿ ಒಂದು, ಒಳ್ಳೆಯದನ್ನೇ ಮಾಡುತ್ತಿದ್ದೇವೆಂದು ನಂಬಿ ಮಾಡಿದ ಕೆಲಸ. ಈ ವಾರ ಬರೆಯಬೇಕೆನಿಸಿದ್ದು ಅದರ ಬಗ್ಗೆ.

ಮೀನಿನ ಹೆಸರು ಮಹಶೀರ್. ಹೊಳೆಯಂಚಿನ ಊರುಗಳಲ್ಲಿ ಬಿಳಿ ಮೀನು ಎಂದೂ ಕರೆಯುತ್ತಾರೆ. ಕಾವೇರಿಯ ಮೂಲ ಮಹಶೀರ್‌ಗೆ ತಲೆಯ ಹಿಂದಿನಿಂದ ಬೆನ್ನಿನ ಈಜುರೆಕ್ಕೆಯವರೆಗೆ ಎದ್ದು ನಿಂತ ಗೂನು, ಕಿತ್ತಳೆ ಬಣ್ಣ ಮೆತ್ತಿದಂಥ ರೆಕ್ಕೆ, ಅಂಗೈ ಮುಚ್ಚುವಷ್ಟು ದೊಡ್ಡ ಹುರುಪೆ. 1946ರ ಮಾರ್ಚ್ 22ರಂದು ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ ಗಾಳ ಹಾಕಿ ಹಿಡಿದದ್ದು 120 ಪೌಂಡ್, ಅಂದರೆ 54 ಕೆ.ಜಿ. ತೂಗಿತು. ಮಹಾರಾಜರು ಹೊಡೆದ ಹುಲಿ-ಚಿರತೆಗಳ ಚರ್ಮ ಹದ ಮಾಡಿ ನಿಲ್ಲಿಸಿಕೊಡುತ್ತಿದ್ದ ಮನೆತನದವರು ಅವರು. ಗಾಳಕ್ಕೆ ಸಿಕ್ಕ ಮಹಶೀರ್‌ಗಳಲ್ಲಿ ಇಂದಿಗೂ ಅದೇ ದಾಖಲೆ.

ಈ ತೂಕ ಎಷ್ಟು ದೊಡ್ಡದೆಂದು ತಿಳಿಯಲು ಯುರೋಪಿನ ಗಾಳಗಾರರ ಲೆಕ್ಕ ಪಕ್ಕದಲ್ಲಿಟ್ಟು ನೋಡಬಹುದು. ಅವರ ಊರಿನ ತೊರೆಗಳಲ್ಲಿ ಇರುವುದು ಕಂದು ಟ್ರೌಟ್. ಮನೆಯ ಹಿಂದಿನ ಸಣ್ಣ ಹೊಳೆಯಲ್ಲಿ ನಾಲ್ಕೈದು ಪೌಂಡಿನ ಕಾಡು ಟ್ರೌಟ್ ಸಿಕ್ಕರೆ ಅದು ಜೀವಮಾನದ ಮಾತು. ಆ ಮೀನಿನ ಮೇಲಿನ ಮೋಹ ಬ್ರಿಟಿಷರಿಗೆ ಎಷ್ಟಿತ್ತೆಂದರೆ, ಎಲ್ಲಿ ಹೋದರೂ ಅದರ ಮೊಟ್ಟೆ ಹೊತ್ತುಕೊಂಡೇ ಹೋದರು. 1863ರಲ್ಲೇ ಫ್ರಾನ್ಸಿಸ್ ಡೇ ನೀಲಗಿರಿಗೆ ಟ್ರೌಟ್ ತರಲು ಹೊರಟು ಸೋತರು. 1900ರಲ್ಲಿ ಕಾಶ್ಮೀರದಲ್ಲಿ ಕಂದು ಟ್ರೌಟ್ ನೆಲೆಯೂರಿತು. ನೀಲಗಿರಿಯಲ್ಲಿ ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಅವಲಾಂಚಿಯ ಮೀನುಮರಿ ಕೇಂದ್ರದಿಂದ ಬಿಟ್ಟಿದ್ದರಲ್ಲಿ ಉಳಿದದ್ದು ಅಮೆರಿಕ ಮೂಲದ ರೇನ್‌ಬೋ ಟ್ರೌಟ್. ನಮ್ಮ ಕನ್ನಡಕ್ಕೆ ತೀರ ಹತ್ತಿರದ ಮಾತಾಡುವ ಬಡಗರ ಊರುಗಳ ಪಕ್ಕದ ತೊರೆಗಳಲ್ಲಿ ಹೀಗೆ ದೂರದ ಖಂಡದ ಮೀನು ಸೇರಿಕೊಂಡಿತು.

ಫ್ರಾನ್ಸಿಸ್ ಡೇ ಅವರ ಕಾಲದಲ್ಲೇ ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ತಮ್ಮ ದೇಶಬಾಂಧವರಿಗೆ ಬೇರೆಯದನ್ನೇ ಹೇಳುತ್ತಿದ್ದರು. 1873ರಲ್ಲಿ ಬಂದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಅವರ ಪುಸ್ತಕದ ವಾದ ಸರಳ: ಊರಿನ ಸಾಲ್ಮನ್ ನೆನೆಸಿಕೊಂಡು ಕೊರಗಬೇಡಿ, ಈ ದೇಶದ ಹೊಳೆಗಳಲ್ಲಿ ಅದಕ್ಕಿಂತ ಗಟ್ಟಿಯಾಗಿ ಎಳೆದಾಡುವ ಮೀನಿದೆ. ಥಾಮಸ್ ಕಂಡಿದ್ದು ಸರಿ. ಇದ್ದ ನೀರಿನಲ್ಲಿ ಇದ್ದ ಮೀನನ್ನು ನೋಡುವ ಕಣ್ಣು ಅವರಿಗಿತ್ತು. ನೂರು ವರ್ಷ ಕಳೆದ ಮೇಲೆ ನಮಗೆ ಬೇಕಾಗಿದ್ದೂ ಆ ಕಣ್ಣೇ.

ಸ್ವಾತಂತ್ರ್ಯದ ನಂತರ ಗಾಳಗಾರರ ಬಾಯಲ್ಲಿ ಕಾವೇರಿಯ ಹೆಸರು ಹೆಚ್ಚುಕಡಿಮೆ ಮರೆಯಾಗಿತ್ತು. 1977-78ರಲ್ಲಿ ಟ್ರಾನ್ಸ್‌ವರ್ಲ್ಡ್ ಫಿಶಿಂಗ್ ಟೀಮ್ ಎಂದು ಹೆಸರಿಟ್ಟುಕೊಂಡ ಮೂವರು ಇಂಗ್ಲಿಷ್ ಯುವಕರು ದೇಶವೆಲ್ಲ ಅಲೆದು ಕೊನೆಗೆ ಕಾವೇರಿಗೆ ಬಂದರು. ದೊಡ್ಡ ಮಹಶೀರ್ ಇನ್ನೂ ಇದೆ ಎಂದು ಹೊರಗಿನ ಲೋಕಕ್ಕೆ ಗೊತ್ತಾದದ್ದು ಅವರಿಂದ. ಬೆಂಗಳೂರಿನ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ನದಿಯ ಕೆಲವು ಭಾಗಗಳನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿತು. ಸರ್ಕಾರದ ಜಂಗಲ್ ಲಾಡ್ಜಸ್ ಭೀಮೇಶ್ವರಿ, ದೊಡ್ಡಮಕ್ಕಳಿ, ಗಾಲಿಬೋರೆಗಳಲ್ಲಿ ಶಿಬಿರ ನಡೆಸಿತು. ಹಿಡಿದ ಮೀನನ್ನು ತೂಗಿ, ಬರೆದು, ಮತ್ತೆ ನೀರಿಗೆ ಬಿಡಬೇಕು. ಒಂದನ್ನೂ ಕೊಲ್ಲುವಂತಿಲ್ಲ ಎಂಬುದು ನಿಯಮ. ಹಿಂದೆ ಹೊಳೆಗೆ ತೋಟೆ ಹಾಕಿ ಮೀನು ಹಿಡಿಯುತ್ತಿದ್ದವರಲ್ಲೇ ಕೆಲವರು ಈ ಶಿಬಿರಗಳಲ್ಲಿ ದಾರಿ ತೋರಿಸುವವರಾದರು. ಸಂಬಳ ಬಂತು, ಅದರ ಜೊತೆಗೆ ಹೊಳೆಯ ಕಾವಲೂ ಅವರದೇ ಆಯಿತು.

ಈ ಮೀನಿಗೆ ಹಾಕುವ ಎರೆ ಯಾವುದು ಗೊತ್ತೆ? ರಾಗಿ. ಹಿಟ್ಟನ್ನು ಬಿಸಿನೀರಿನಲ್ಲಿ ಗಟ್ಟಿಯಾಗಿ ನಾದಿ, ನಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಕಟ್ಟಿ, ಕುದಿಯುವ ನೀರಿಗೆ ಬಿಡುತ್ತಾರೆ. ಬೆಂದ ಮೇಲೆ ಕೈ ಸುಡುತ್ತಿರುವಾಗಲೇ ಎತ್ತಿ ಮತ್ತೆ ಬಂಡೆಯ ಮೇಲೆ ನಾದುವುದು, ಮತ್ತೆ ಬೇಯಿಸುವುದು. ಸೋಂಪೋ ಇನ್ನೇನೋ ವಾಸನೆಯ ಸಾಮಾನು ಸೇರಿಸುತ್ತಾರೆ. ಒಬ್ಬೊಬ್ಬರದು ಒಂದೊಂದು ಗುಟ್ಟು. ಭೀಮೇಶ್ವರಿಯ ದಡದಲ್ಲಿ ಇದನ್ನು ಮಾಡುತ್ತಿದ್ದ ಹಿರಿಯರೊಬ್ಬರ ಪಕ್ಕದಲ್ಲಿ ಕೂತು ನೋಡಿದ್ದೇನೆ. ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿ, ರಬ್ಬರಿನಂತೆ ಹಿಂದಕ್ಕೆ ಬಂದರೆ ಮಾತ್ರ ಸರಿ ಅನ್ನುತ್ತಿದ್ದರು. ‘ಮೆತ್ತಗಿದ್ರೆ ಸಣ್ಣ ಮೀನುಗಳು ಕಿತ್ಕೊಂಡು ತಿಂದುಬಿಡ್ತವೆ ಸ್ವಾಮಿ, ದೊಡ್ಡದು ಬರೋ ಹೊತ್ತಿಗೆ ಗಾಳ ಬರಿದಾಗಿರ್ತದೆ.’ ಗಟ್ಟಿ ಉಂಡೆಯನ್ನು ಮುರಿಯುವ ಶಕ್ತಿ ದೊಡ್ಡ ಮಹಶೀರ್‌ಗೆ ಇದೆ. ಅದರ ದವಡೆಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಲ್ಲಿ. ಏಡಿ, ಕಪ್ಪೆಚಿಪ್ಪುಗಳನ್ನು ಅಲ್ಲೇ ಪುಡಿ ಮಾಡುತ್ತದೆ. ಸಾಧಾರಣ ಗಾಳವಾದರೆ ಕಡ್ಡಿ ಮುರಿದ ಹಾಗೆ ಮುರಿದುಹಾಕುತ್ತದೆ.

ಕಚ್ಚಿದ ಮೇಲೆ ಮೀನು ಮಾಡುವ ಮೊದಲ ಕೆಲಸ ಓಟ. ಹರಿವಿನ ಜೊತೆ ಕೆಳಕ್ಕೆ, ಒಂದೇ ಉಸಿರಿಗೆ, ರೀಲಿನ ದಾರವೆಲ್ಲ ಮುಗಿಯುವ ಹಾಗೆ. ಎರಡನೆಯದು, ಬಂಡೆಯ ಸುತ್ತ ದಾರ ಸುತ್ತಿಸಿ ತಾನು ತಳದಲ್ಲಿ ಕೂತುಬಿಡುವುದು. ಆಗ ತೆಪ್ಪ ಹತ್ತಿ ಆ ಬಂಡೆಯ ಬಳಿಗೇ ಹೋಗಿ ದಾರ ಬಿಡಿಸಬೇಕು. ಮಂಡ್ಯ-ಕನಕಪುರ ಕಡೆಯ ಹಳ್ಳಿಗರ ಕೈಚಳಕ ಇಲ್ಲದೆ ಹೊರಗಿನ ಯಾವ ಸಾಹೇಬನಿಗೂ ಕಾವೇರಿಯ ದೊಡ್ಡ ಮೀನು ದಕ್ಕಿಲ್ಲ. ದಾಖಲೆಗಳಲ್ಲಿ ಹೆಸರು ಮಾತ್ರ ಕೋಲು ಹಿಡಿದವನದು.

ದೊಡ್ಡ ಮೀನು ಇರುವ ಜಾಗವನ್ನು ಓದುವುದು ಟ್ರೌಟ್ ಹಿಡಿಯುವವನಿಗೂ ಮಹಶೀರ್ ಹಿಡಿಯುವವನಿಗೂ ಒಂದೇ ವಿದ್ಯೆ. ಸಣ್ಣ ಮೀನು ಎಲ್ಲೆಂದರಲ್ಲಿ ಆಡುತ್ತದೆ. ವಯಸ್ಸಾದ ದೊಡ್ಡ ಮೀನು ಹಾಗಲ್ಲ. ಶ್ರಮ ಕಡಿಮೆ, ಊಟ ಹೆಚ್ಚು, ಅಪಾಯ ಬಂದರೆ ನುಗ್ಗಲು ಆಳ ಹತ್ತಿರ — ಈ ಮೂರೂ ಕೂಡಿದ ಕಡೆ ನೆಲೆ ನಿಲ್ಲುತ್ತದೆ. ತೊರೆಯಲ್ಲಿ ಅದು ದಡ ಕೊರೆದ ಬೇರಿನ ಕೆಳಗಿನ ನೆರಳು. ಕಾವೇರಿಯಲ್ಲಿ ಅದು ರಭಸದ ನೀರು ಬಂಡೆಗಳ ಮಧ್ಯೆ ಇಳಿದು ಮಡುವಿಗೆ ಸೇರುವ ಬಾಯಿ. ಮೇಲೆ ಹೊಳೆಮತ್ತಿ, ನೇರಳೆ, ಅತ್ತಿ ಮರಗಳಿದ್ದರೆ ಇನ್ನೂ ಒಳ್ಳೆಯದು; ಹಣ್ಣು ಬೀಳುವ ಕಾಲದಲ್ಲಿ ಮಹಶೀರ್ ಆ ಮರದ ಕೆಳಗೇ ಕಾಯುತ್ತದೆ. ಮಳೆಗಾಲದಲ್ಲಿ ನೀರು ಏರಿದಾಗ ಮೇಲ್ಗಡೆಗೆ ಈಜಿ, ಉಪನದಿಗಳ ಜಲ್ಲಿಕಲ್ಲಿನ ತಳದಲ್ಲಿ ಮೊಟ್ಟೆ ಇಡುತ್ತದೆ. ಕಲ್ಲಿನ ಸಂದಿಯಲ್ಲಿ ಗಾಳಿ ಬೆರೆತ ಶುದ್ಧ ನೀರು ಹರಿಯುತ್ತಿದ್ದರೆ ಮಾತ್ರ ಮೊಟ್ಟೆ ಬದುಕೀತು. ಹಾಗಾಗಿ ಅಣೆಕಟ್ಟು ಕಟ್ಟಿದರೆ ದಾರಿ ಹೋಯಿತು, ಮರಳು ಬಗೆದರೆ ತೊಟ್ಟಿಲು ಹೋಯಿತು. ಬೇಸಿಗೆಯಲ್ಲಿ ಹೊಳೆ ಬತ್ತಿ ದೊಡ್ಡ ಮೀನುಗಳೆಲ್ಲ ಒಂದೇ ಮಡುವಿನಲ್ಲಿ ಸೇರಿದ್ದಾಗ ಯಾರೋ ಒಂದು ತೋಟೆ ಎಸೆದರೆ, ಇಪ್ಪತ್ತು-ಮೂವತ್ತು ವರ್ಷ ಬೆಳೆದದ್ದೆಲ್ಲ ಒಂದು ಕ್ಷಣಕ್ಕೆ ಮುಗಿಯಿತು.

ಇಷ್ಟೆಲ್ಲ ಅಪಾಯ ಕಂಡವರು ಏನಾದರೂ ಮಾಡಬೇಕೆಂದು ಹೊರಟರು. ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಮೀನು ಕೇಂದ್ರ 1970ರ ದಶಕದಲ್ಲಿ ಮಹಶೀರ್ ಮರಿ ಮಾಡಿಸುವುದನ್ನು ಸಾಧಿಸಿತ್ತು. ಅದೊಂದು ನಿಜವಾದ ಸಾಧನೆ. ಹೊಳೆಯ ಮೀನನ್ನು ತೊಟ್ಟಿಯಲ್ಲಿ ಮೊಟ್ಟೆ ಇಡಿಸುವುದು ಸುಲಭವಲ್ಲ. ಆ ಮರಿಗಳು ದೇಶದ ಹಲವು ರಾಜ್ಯಗಳಿಗೆ ಹೋದವು, ಕಾವೇರಿಗೂ ಬಂದವು. ಆದರೆ ಲೋಣಾವಳದಲ್ಲಿ ಬೆಳೆದದ್ದು ಬೇರೆ ಮಹಶೀರ್. ನೀಲಿ ಛಾಯೆಯ ರೆಕ್ಕೆ, ಗೂನಿಲ್ಲದ ಬೆನ್ನು. ವಿಜ್ಞಾನದ ಹೆಸರು ಟಾರ್ ಖುದ್ರೀ. 1839ರಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ಅದನ್ನು ಮೊದಲು ವಿವರಿಸಿದ್ದು ಪುಣೆಯ ಮುಳಾ-ಮುಠಾ ನದಿಯಿಂದ, ಅಂದರೆ ಕೃಷ್ಣಾ ಕಣಿವೆಯ ನೀರಿನಿಂದ. ಕೃಷ್ಣೆಯಲ್ಲಿ ಅದು ಮನೆಮಗ. ಕಾವೇರಿಯಲ್ಲಿ ಹೊರಗಿನಿಂದ ಬಂದದ್ದು. ಎರಡೂ ನಮ್ಮದೇ ರಾಜ್ಯದ ನದಿ, ಎರಡೂ ಮಹಶೀರೇ, ಆದದ್ದಾಗಲಿ ಮೀನು ಹೆಚ್ಚಲಿ ಎಂದು ಆಗ ಅನ್ನಿಸಿದ್ದರೆ ಅದರಲ್ಲಿ ದುರುದ್ದೇಶವೇನೂ ಇರಲಿಲ್ಲ.

ಫಲಿತಾಂಶ ಗೊತ್ತಾದದ್ದು ಗಾಲಿಬೋರೆ ಶಿಬಿರದ ಪುಸ್ತಕಗಳಿಂದ. ಯಾರು, ಎಷ್ಟು ಹೊತ್ತು ಗಾಳ ಹಾಕಿದರು, ಯಾವ ಮೀನು, ಎಷ್ಟು ತೂಕ ಎಂದು ದಿನವೂ ಬರೆದಿಟ್ಟ ದಾಖಲೆ. 1998ರಿಂದ 2012ರವರೆಗಿನ ಈ ದಾಖಲೆಯನ್ನು, ಆರು ಸಾವಿರಕ್ಕೂ ಹೆಚ್ಚು ಮೀನುಗಳ ಲೆಕ್ಕವನ್ನು, ಸಂಶೋಧಕರಾದ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಅವರ ಜೊತೆಗಾರರು ಕೂತು ವಿಶ್ಲೇಷಿಸಿದರು. ಮೇಲ್ನೋಟಕ್ಕೆ ಸಂತೋಷದ ಚಿತ್ರ: ಒಟ್ಟು ಸಿಗುವ ಮೀನಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿದೆ. ಒಳಗೆ ಬಿಡಿಸಿ ನೋಡಿದರೆ ಏರಿದ್ದು ನೀಲಿ ರೆಕ್ಕೆಯ ಮೀನು. ಗೂನು ಬೆನ್ನಿನದು ಕಡಿಮೆಯಾಗುತ್ತ ಹೋಗಿದೆ. 2004ರಿಂದ ಈಚೆಗಂತೂ ಸಿಕ್ಕ ಕೆಲವೇ ಕೆಲವು ದೊಡ್ಡ ಗಾತ್ರದವು. ಹಳೆಯವು ಉಳಿದಿವೆ, ಮರಿಗಳು ಬರುತ್ತಿಲ್ಲ ಎಂದು ಅದರ ಅರ್ಥ. ಶಾಲೆಯಲ್ಲಿ ಹತ್ತನೇ ತರಗತಿ ತುಂಬಿದ್ದು ಒಂದನೇ ತರಗತಿ ಖಾಲಿ ಇದ್ದಂತೆ.

ಇನ್ನೊಂದು ವಿಚಿತ್ರ ಕೇಳಿ. ನೂರೈವತ್ತು ವರ್ಷ ಗಾಳಗಾರರ ಲೋಕದಲ್ಲಿ ಹೆಸರಾಗಿದ್ದ ಈ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. 2007ರಲ್ಲಿ ಕೇರಳದ ಪಾಂಬಾರ್ ಹೊಳೆಯಿಂದ, ಅದೂ ಅಮರಾವತಿಯ ಮೂಲಕ ಕಾವೇರಿ ಸೇರುವ ನೀರೇ, ಕುರುಪ್ ಮತ್ತು ರಾಧಾಕೃಷ್ಣನ್ ಎಂಬ ವಿಜ್ಞಾನಿಗಳು ಸಣ್ಣ ಮೀನುಗಳನ್ನು ನೋಡಿ ಟಾರ್ ರೆಮಾದೇವಿ ಎಂದು ಹೆಸರಿಟ್ಟಿದ್ದರು. ಕಾವೇರಿಯ ಆ ಗೂನು ಬೆನ್ನಿನ ದೈತ್ಯ ಇದೇ ಜಾತಿಯದು ಎಂದು ತೀರ್ಮಾನವಾದದ್ದು 2018ರಲ್ಲಿ. ಹೆಸರು ಸಿಕ್ಕ ಅದೇ ವರ್ಷ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ, ಐಯುಸಿಎನ್, ಅದನ್ನು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಹೆಸರಿಲ್ಲದ ಜೀವಕ್ಕೆ ಕಾನೂನಿನ ರಕ್ಷಣೆ ಕೇಳುವುದು ಹೇಗೆ? ಆ ಕಾರಣಕ್ಕೇ ಎಷ್ಟೋ ವರ್ಷ ಕಳೆದುಹೋಯಿತು. ಈಗ ಅದರ ಗಟ್ಟಿ ನೆಲೆ ಎಂದು ಗುರುತಿಸಿರುವುದು ಬಂಡೀಪುರ, ಮುದುಮಲೆಗಳ ನಡುವೆ ಕಣಿವೆ ಕೊರೆದು ಹರಿಯುವ ಮೋಯಾರ್ ನದಿಯನ್ನು.

ಮೀನು ಬಿಟ್ಟರೆ ಮೀನು ಹೆಚ್ಚುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಮಾತ್ರ ಸೋತಿದ್ದಲ್ಲ. ಅಮೆರಿಕದ ಮೊಂಟಾನ ರಾಜ್ಯದ ಮ್ಯಾಡಿಸನ್ ನದಿ ಕಂದು ಟ್ರೌಟ್‌ಗೆ ಹೆಸರಾದದ್ದು. ಅಲ್ಲಿ ವರ್ಷ ವರ್ಷ ತೊಟ್ಟಿಯಲ್ಲಿ ಬೆಳೆಸಿದ ಟ್ರೌಟ್ ತಂದು ಸುರಿಯುತ್ತಿದ್ದರು. 1960ರ ದಶಕದ ಕೊನೆಯಲ್ಲಿ ಡಿಕ್ ವಿನ್ಸೆಂಟ್ ಎಂಬ ಸರ್ಕಾರಿ ಜೀವಶಾಸ್ತ್ರಜ್ಞ ಮೀನು ಎಣಿಸಲು ಶುರು ಮಾಡಿದರು. ಆಮೇಲೆ ಒಂದು ಸರಳ ಪ್ರಯೋಗ: ಮ್ಯಾಡಿಸನ್‌ನ ಒಂದು ಭಾಗದಲ್ಲಿ ಮೀನು ಬಿಡುವುದನ್ನು ನಿಲ್ಲಿಸಿದರು, ಹಿಂದೆ ಬಿಡದೇ ಇದ್ದ ಓಡೆಲ್ ಎಂಬ ಪಕ್ಕದ ತೊರೆಯಲ್ಲಿ ಬಿಡಲು ಶುರು ಮಾಡಿದರು. ನಿಲ್ಲಿಸಿದ ಕಡೆ ಕಾಡು ಟ್ರೌಟ್ ಏರಿತು, ಬಿಟ್ಟ ಕಡೆ ಇಳಿಯಿತು. ತೊಟ್ಟಿಯಲ್ಲಿ ಬೆಳೆದ ಮೀನಿಗೆ ಹೊಳೆಯ ರೀತಿ-ನೀತಿ ಗೊತ್ತಿಲ್ಲ. ಗುಂಪಾಗಿ ಬಂದು ನುಗ್ಗಿ, ಕಾಡು ಮೀನು ಹಿಡಿದಿದ್ದ ಜಾಗದಿಂದ ಅದನ್ನು ಎಬ್ಬಿಸುತ್ತದೆ. ಚಳಿಗಾಲ ಬಂದಾಗ ತಾನೂ ಉಳಿಯುವುದಿಲ್ಲ. ಮೀನು ಬಿಡುವುದು ನಿಂತರೆ ವ್ಯಾಪಾರ ಹೋಗುತ್ತದೆಂದು ಅಂಗಡಿಯವರು, ಗಾಳಗಾರರು ಗಲಾಟೆ ಮಾಡಿದರು. ಆದರೂ 1974ರಲ್ಲಿ ಮೊಂಟಾನ ತನ್ನ ಕಾಡು ಟ್ರೌಟ್ ನದಿಗಳಲ್ಲಿ ಮೀನು ಬಿಡುವುದನ್ನೇ ನಿಲ್ಲಿಸಿತು. ಇಂದು ಅಲ್ಲಿಗೆ ಜಗತ್ತಿನ ಮೂಲೆಮೂಲೆಯಿಂದ ಜನ ಬರುವುದು ದೊಡ್ಡ ಕಾಡು ಟ್ರೌಟ್ ಹುಡುಕಿಕೊಂಡೇ.

ಟ್ರೌಟ್‌ನ ತವರಾದ ಇಂಗ್ಲೆಂಡಿನಲ್ಲೂ 2015ರಿಂದ ನದಿಗಳಿಗೆ ಬಿಡುವ ಕಂದು ಟ್ರೌಟ್ ಸಂತಾನಶಕ್ತಿ ಇಲ್ಲದ್ದೋ ಸ್ಥಳೀಯ ಮೀನಿನ ಸಂತತಿಯೋ ಆಗಿರಬೇಕು ಎಂಬ ನಿಯಮ ಬಂತು. ಸಾಕಿದ ಮೀನು ಕಾಡು ಮೀನಿನ ಜೊತೆ ಕೂಡಿ ವಂಶ ಕೆಡಿಸಬಾರದೆಂದು. ಇನ್ನೊಂದು ಕಡೆ, ಬ್ರಿಟಿಷರು ಹೊತ್ತುಕೊಂಡು ಹೋದ ಇದೇ ಕಂದು ಟ್ರೌಟ್ ನ್ಯೂಜಿಲೆಂಡಿನ ಸಣ್ಣ ಸ್ಥಳೀಯ ಮೀನುಗಳನ್ನು ಹೊಳೆ ಹೊಳೆಯಿಂದ ಓಡಿಸಿದೆ. ಜಗತ್ತಿನ ನೂರು ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳ ಐಯುಸಿಎನ್ ಪಟ್ಟಿಯಲ್ಲಿ ಕಂದು ಟ್ರೌಟ್, ರೇನ್‌ಬೋ ಟ್ರೌಟ್ ಎರಡೂ ಇವೆ. ತನ್ನ ನೀರಿನಲ್ಲಿ ಆಸ್ತಿಯಾದ ಮೀನೇ ಬೇರೆ ನೀರಿನಲ್ಲಿ ಪೀಡೆ.

ಇನ್ನು ಗಾಳದ ಮೇಲಿನ ನಿಷೇಧ. ಮುತ್ತತ್ತಿಯಿಂದ ಮೇಕೆದಾಟುವರೆಗಿನ ಕಾಡು 1987ರಲ್ಲಿ ಕಾವೇರಿ ವನ್ಯಜೀವಿ ಅಭಯಾರಣ್ಯವಾಯಿತು. ವನ್ಯಜೀವಿ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಪ್ರಾಣಿಯನ್ನು ಹಿಡಿಯುವುದೂ ಬೇಟೆಯೇ, ಮೀನೂ ಪ್ರಾಣಿಯೇ. ಹಿಡಿದು ಬಿಟ್ಟರೂ ಅಷ್ಟೇ. ಹಾಗಾಗಿ 2012ರ ಹೊತ್ತಿಗೆ ಗಾಲಿಬೋರೆಯಲ್ಲಿ ಗಾಳ ನಿಂತಿತು. ಕಾನೂನಿನ ಮಾತು ಸರಿ. ಆನೆಗೊಂದು ಮೀನಿಗೊಂದು ನ್ಯಾಯ ಬೇಡ ಎಂಬುದರಲ್ಲೂ ತಥ್ಯವಿದೆ. ನನ್ನ ಬೇಸರ ಬೇರೆ. ಗಾಳದ ಜೊತೆ ಆ ದಿನಚರಿ ಪುಸ್ತಕವೂ ಮುಚ್ಚಿತು, ದಿನವಿಡೀ ಮಡುವಿನ ಮೇಲೆ ಕಣ್ಣಿಟ್ಟು ಕೂರುತ್ತಿದ್ದ ಜನವೂ ಎದ್ದುಹೋದರು. ಹುಲಿಗೆ ಕ್ಯಾಮೆರಾ ಇದೆ, ಆನೆಗೆ ಗಣತಿ ಇದೆ. ನೀರಿನೊಳಗಿನ ಮೀನನ್ನು ಎಣಿಸಲು ಇದ್ದ ಒಂದೇ ಮಾರ್ಗವನ್ನು ತೆಗೆದ ಮೇಲೆ ಇನ್ನೊಂದನ್ನು ಕೊಡಬೇಕಿತ್ತು. ಅರಣ್ಯ ಇಲಾಖೆಯ ಮೇಲ್ವಿಚಾರಣೆಯಲ್ಲಿ, ಸಂಶೋಧಕರ ಜೊತೆ, ವರ್ಷದಲ್ಲಿ ಕೆಲವೇ ದಿನ ಮೀನು ಹಿಡಿದು, ಅಳೆದು, ಗುರುತು ಹಾಕಿ ಬಿಡುವ ಸಮೀಕ್ಷೆ ನಡೆಸಬಹುದು. ಅದಕ್ಕೆ ಬೇಕಾದ ಕೈಗಳು ಮುತ್ತತ್ತಿ, ಸಂಗಮದ ಊರುಗಳಲ್ಲಿ ಇನ್ನೂ ಇವೆ. ಆ ಹಿರಿಯರ ತಲೆಮಾರು ದಾಟಿದರೆ ಯಾವ ಮಡುವಿನಲ್ಲಿ ಯಾವ ತಿಂಗಳು ಗೂನು ಬೆನ್ನಿನ ಮೀನು ಬರುತ್ತಿತ್ತು ಎಂದು ಹೇಳುವವರೂ ಇರುವುದಿಲ್ಲ.

ಇದೆಲ್ಲ ದೂರದ ಕಾಡಿನ ವಿಷಯ, ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕೂತವರಿಗೇಕೆ ಅನ್ನಬೇಡಿ. ನಮ್ಮ ನಲ್ಲಿಯ ನೀರು ಶಿವನಸಮುದ್ರದ ಮೇಲಿನ ಶಿವ ಅಣೆಕಟ್ಟಿನಿಂದ ತೊರೆಕಾಡನಹಳ್ಳಿಗೆ ಬಂದು, ಅಲ್ಲಿಂದ ಹಾರೋಹಳ್ಳಿ, ತಾತಗುಣಿಯ ಪಂಪುಗಳಲ್ಲಿ ಏರಿ ಇದೇ ಕನಕಪುರ ರಸ್ತೆಯ ಬದಿಯ ಪೈಪುಗಳಲ್ಲಿ ನಗರಕ್ಕೆ ಬರುತ್ತದೆ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಐದನೇ ಹಂತವೊಂದೇ ದಿನಕ್ಕೆ 77.5 ಕೋಟಿ ಲೀಟರ್‌ನದು. ಬಳಸಿದ ನೀರಿನ ಒಂದು ಪಾಲು, ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿತೆಂದು ನಂಬುವ ವೃಷಭಾವತಿಗೆ ಸೇರುತ್ತದೆ; ಕತ್ರಿಗುಪ್ಪೆ, ಬನಶಂಕರಿ ಮೂರನೇ ಹಂತದ ಕಡೆಯ ಮೋರಿಗಳೆಲ್ಲ ಆ ದಿಕ್ಕಿಗೇ. ವೃಷಭಾವತಿ ಕೆಂಗೇರಿ, ಬೈರಮಂಗಲ ದಾಟಿ ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ಈಗ ನಕ್ಷೆ ತೆಗೆದು ನೋಡಿ. ನಾವು ನೀರು ಎತ್ತುವುದು ಶಿವನಸಮುದ್ರದ ಬಳಿ, ಕೊಳಚೆ ವಾಪಸು ಕೊಡುವುದು ಸಂಗಮದಲ್ಲಿ. ಭೀಮೇಶ್ವರಿ, ಗಾಲಿಬೋರೆಯ ಮಡುಗಳಿರುವುದು ಈ ಎರಡರ ಮಧ್ಯೆ. ಮೇಲಿನಿಂದ ಬರುವ ನೀರು ಕಡಿಮೆ, ಮೀನು ಕೆಳಗೆ ಇಳಿದರೆ ನೊರೆ. ಇನ್ನು 67 ಟಿಎಂಸಿ ಅಡಿಯ ಮೇಕೆದಾಟು ಅಣೆಕಟ್ಟು ಆದರೆ ಉಳಿದಿರುವ ಹರಿವಿನ ಒಂದು ದೊಡ್ಡ ಭಾಗ ನಿಂತ ನೀರಾಗುತ್ತದೆ. ಹರಿವ ನೀರಿನ ಮೀನಿಗೆ ಅಲ್ಲಿ ಬಾಳಿಲ್ಲ. ಕುಡಿಯುವ ನೀರು ಬೇಡ ಎಂದು ಯಾರೂ ಹೇಳುವಂತಿಲ್ಲ. ಆದರೆ ಬಳಸಿದ ನೀರನ್ನು ಶುದ್ಧ ಮಾಡಿ ಮತ್ತೆ ಬಳಸುವುದನ್ನು, ಮಳೆನೀರು ಹಿಡಿಯುವುದನ್ನು ಪೂರ್ತಿ ಮಾಡದೆ ಇನ್ನೊಂದು ಅಣೆಕಟ್ಟು ಕೇಳುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ಕೆರೆಗಳಿಗೂ ಒಂದು ಮಾತು ಸಲ್ಲಬೇಕು. ಮಡಿವಾಳ, ಸಾರಕ್ಕಿ, ಪುಟ್ಟೇನಹಳ್ಳಿ, ಯಡಿಯೂರು ಕೆರೆಗಳ ದಡದಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವವರು ನೀರಿನ ಮೇಲೆ ಬಾಯಿ ತೆರೆಯುವ ಮೀನು ನೋಡಿ ಖುಷಿಪಡುತ್ತಾರೆ. ಬೆಂಗಳೂರಿನ ಕೆರೆಗಳಲ್ಲಿ ಹೀಗೆ ಕಾಣುವುದರಲ್ಲಿ ಬಹುಪಾಲು ಜಿಲೇಬಿ ಮೀನು, ಅಂದರೆ ಆಫ್ರಿಕದಿಂದ ಬಂದ ತಿಲಾಪಿಯ. ನಿಷೇಧ ಇದ್ದರೂ ಆಫ್ರಿಕನ್ ಕ್ಯಾಟ್‌ಫಿಶ್ ನಗರದ ನೀರುಗಳಿಗೆ ನುಸುಳಿದೆ. ಮನೆಯ ಅಕ್ವೇರಿಯಂ ಬೇಸರವಾದವರು ಸಕರ್ ಮೀನನ್ನು ತಂದು ಕೆರೆಗೆ ಬಿಟ್ಟು ಪುಣ್ಯ ಬಂತೆಂದುಕೊಳ್ಳುತ್ತಾರೆ. ಗಾಜಿನ ಪೆಟ್ಟಿಗೆಯಲ್ಲಿ ಬೆರಳುದ್ದ ಇದ್ದ ಆ ಮೀನು ಕೆರೆಯಲ್ಲಿ ಮೊಣಕೈ ಉದ್ದ ಬೆಳೆಯುತ್ತದೆ, ಚರ್ಮ ಕವಚದಂತಿರುವುದರಿಂದ ಕೊಕ್ಕರೆಯೂ ನುಂಗುವುದಿಲ್ಲ. ಹರಕೆಗೋ, ಹುಟ್ಟುಹಬ್ಬಕ್ಕೋ, ಸಂಘದ ಕಾರ್ಯಕ್ರಮಕ್ಕೋ ಪೇಟೆಯಿಂದ ಮರಿ ತಂದು ಕೆರೆಗೆ ಸುರಿಯುವವರೂ ಇದ್ದಾರೆ. ದಯವಿಟ್ಟು ಬೇಡ. ಬೇಡವಾದ ಮೀನನ್ನು ಅಂಗಡಿಗೇ ಹಿಂತಿರುಗಿಸಿ, ಇಲ್ಲವೇ ಸಾಕುವವರಿಗೆ ಕೊಡಿ.

ಗಾಳದ ಆಸೆ ಇರುವ ಯುವಕರು ಕೇಳಬಹುದು, ಹಾಗಾದರೆ ನಾವು ಎಲ್ಲಿಗೆ ಹೋಗೋಣ ಎಂದು. ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಮೀನುಗಾರಿಕೆ ಇಲಾಖೆ ಹರಾಜಿನಲ್ಲಿ ಕೊಟ್ಟಿರುತ್ತದೆ, ಗುತ್ತಿಗೆದಾರರ ಒಪ್ಪಿಗೆ ಬೇಕು. ಅಭಯಾರಣ್ಯದ ಹೊರಗಿನ ಜಲಾಶಯಗಳಿಗೆ ಇಲಾಖೆಯ ಪರವಾನಗಿ ಕೇಳಿ ಪಡೆಯಿರಿ. ಕೊಡಗಿನ ವಾಲ್ನೂರು ಭಾಗದ ಕಾವೇರಿಯನ್ನು ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ದಶಕಗಳಿಂದ ಕಾದುಕೊಂಡು ಬಂದಿದೆ, ಅಲ್ಲಿಯ ಜನರಿಂದ ಕಲಿಯುವುದು ಬಹಳವಿದೆ. ಎಲ್ಲಿ ಹಿಡಿದರೂ ಮುಳ್ಳು ಇಲ್ಲದ ಗಾಳ ಬಳಸಿ, ಮೀನನ್ನು ನೀರಿನಿಂದ ಮೇಲೆತ್ತಿ ಫೋಟೊಕ್ಕೆ ಹಿಡಿದು ನಿಲ್ಲಬೇಡಿ, ಹಿಡಿದ ಮೀನಿನ ರೆಕ್ಕೆಯ ಬಣ್ಣ ಬರೆದಿಡಿ. ಮತ್ತು ಒಂದು ಕೊಳದಲ್ಲಿ ಹಿಡಿದದ್ದನ್ನು ಇನ್ನೊಂದು ಕೊಳಕ್ಕೆ ಒಯ್ದು ಬಿಡಬೇಡಿ, ಅದು ಮಹಶೀರ್ ಆಗಿದ್ದರೂ.

ಕೊನೆಯದಾಗಿ ಒಂದು ಕೋರಿಕೆ. ಬಸವನಗುಡಿ, ಜಯನಗರ, ಹನುಮಂತನಗರದ ಹಳೆಯ ಮನೆಗಳಲ್ಲಿ ಅಜ್ಜನೋ ದೊಡ್ಡಪ್ಪನೋ ಕಾವೇರಿ, ಕಬಿನಿ, ಅರ್ಕಾವತಿಯ ದಡದಲ್ಲಿ ದೊಡ್ಡ ಮೀನು ಹಿಡಿದು ನಿಂತ ಕಪ್ಪು-ಬಿಳುಪು ಫೋಟೊಗಳು ಇರುತ್ತವೆ. ಹೊರಗಿನ ಮರಿ ಬರುವ ಮೊದಲು ಯಾವ ನೀರಿನಲ್ಲಿ ಯಾವ ಮಹಶೀರ್ ಇತ್ತು, ಎಷ್ಟು ದೊಡ್ಡದಿತ್ತು ಎಂಬುದಕ್ಕೆ ಅಂಥ ಚಿತ್ರಗಳೇ ಸಾಕ್ಷಿ. ಬೆನ್ನಿನ ಗೂನು ಕಪ್ಪು-ಬಿಳುಪಿನಲ್ಲೂ ಕಾಣುತ್ತದೆ. 1970ರ ದಶಕಕ್ಕಿಂತ ಹಿಂದಿನದಾದರೆ ಅದರ ಬೆಲೆ ಇನ್ನೂ ಹೆಚ್ಚು. ಮನೆ ಖಾಲಿ ಮಾಡುವಾಗ, ಹಳೆಯ ಟ್ರಂಕು ಗುಜರಿಗೆ ಹಾಕುವಾಗ ಆಲ್ಬಂ ಎಸೆಯಬೇಡಿ. ಫೋಟೊದ ಹಿಂದೆ ಊರು, ಹೊಳೆ, ವರ್ಷ, ತೂಕ ಗೊತ್ತಿದ್ದಷ್ಟು ಬರೆದು, ಒಂದು ಪ್ರತಿ ತೆಗೆಸಿ ಮೀನುಗಳ ಮೇಲೆ ಕೆಲಸ ಮಾಡುವ ಸಂಶೋಧಕರಿಗೋ ಹತ್ತಿರದ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗಕ್ಕೋ ತಲುಪಿಸಿ.